ಡಬ್ಬಿಂಗ್–ಉಪಶೀರ್ಷಿಕೆ ಉದ್ಯಮ: ಕೆಲಸವಿದೆ, ಕೈಯಲ್ಲಿ ಹಣವಿಲ್ಲ

ಕರ್ನಾಟಕದಲ್ಲಿ ಡಬ್ಬಿಂಗ್ ಎಂಬುದು ದಶಕಗಳ ಕಾಲ ವ್ಯಾಪಾರಕ್ಕಿಂತ ಹೆಚ್ಚಾಗಿ ವಿವಾದದ ವಿಷಯವಾಗಿತ್ತು. ಡಬ್ಬಿಂಗ್‌ಗೆ ಅಡ್ಡಿಪಡಿಸುವುದು ಸ್ಪರ್ಧಾ ಕಾನೂನಿಗೆ ವಿರುದ್ಧವೆಂದು ಭಾರತೀಯ ಸ್ಪರ್ಧಾ ಆಯೋಗವು 2015ರಲ್ಲಿ ಆದೇಶಿಸಿದ ಬಳಿಕ ಪರಿಸ್ಥಿತಿ ಬದಲಾಯಿತು. 2018ರಲ್ಲಿ ‘ಕೆಜಿಎಫ್’ ಐದು ಭಾಷೆಗಳಲ್ಲಿ ತೆರೆಕಂಡಿತು. 2022ರಲ್ಲಿ ‘ಕಾಂತಾರ’ ಕನ್ನಡದಲ್ಲಿ ಗೆದ್ದು, ಕೆಲವೇ ವಾರಗಳಲ್ಲಿ ಹಿಂದಿ ಪ್ರೇಕ್ಷಕರನ್ನೂ ತಲುಪಿತು. ಶ್ರವಣ ಮತ್ತು ದೃಷ್ಟಿದೋಷವುಳ್ಳವರಿಗೂ ಸಿನಿಮಾ ದಕ್ಕುವಂತಾಗಬೇಕೆಂದು ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯವು 2024ರ ಮಾರ್ಚ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. ಕಂಪನಿಗಳ ತರಬೇತಿ ಚಿತ್ರಗಳು, ಜಾಹೀರಾತುಗಳು, ಆನ್‌ಲೈನ್ ಪಾಠಗಳೂ ಸೇರಿದರೆ ದೃಶ್ಯ–ಶ್ರವ್ಯ ಅನುವಾದಕ್ಕೆ ಕೆಲಸದ ಕೊರತೆಯಿಲ್ಲ.

ಆದರೂ ಈ ಕ್ಷೇತ್ರಕ್ಕೆ ಕಾಲಿಡುವ ಸಣ್ಣ ಉದ್ಯಮಿಯ ದಾರಿ ಸುಗಮವಾಗಿಲ್ಲ. ಆತನಿಗೆ ಬೇಕಾದದ್ದು ಎರಡು ಕೋಣೆ, ನಾಲ್ಕು ಗಣಕಯಂತ್ರ, ಧ್ವನಿಮುದ್ರಣಕ್ಕೊಂದು ಗೂಡು. ಅನುವಾದಕರು, ಕಂಠದಾನ ಕಲಾವಿದರು, ಸಾಲುಗಳನ್ನು ದೃಶ್ಯಕ್ಕೆ ಹೊಂದಿಸುವವರು ಬಹುಪಾಲು ಕೆಲಸಕ್ಕಿಷ್ಟು ಎಂಬ ಲೆಕ್ಕದಲ್ಲಿ ದುಡಿಯುವವರು. ಹೂಡಿಕೆ ಅಲ್ಪವೆಂಬ ಕಾರಣಕ್ಕೆ ಅನೇಕರು ಧೈರ್ಯದಿಂದ ಆರಂಭಿಸುತ್ತಾರೆ. ಆದರೆ ಯಂತ್ರಕ್ಕೆ ತೊಡಗಿಸಿದ ಬಂಡವಾಳವಲ್ಲ, ದುಡಿಯುವ ಬಂಡವಾಳವೇ ಇಲ್ಲಿ ಉದ್ಯಮಿಯ ಅಳಿವು ಉಳಿವನ್ನು ನಿರ್ಧರಿಸುತ್ತದೆ.

ಒಂದು ಕಾಲ್ಪನಿಕ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಒಂದು ಧಾರಾವಾಹಿಯ ಕೆಲಸಕ್ಕೆ ಉದ್ಯಮಿಯು 3,00,000 ರೂ. ಬಿಲ್ ಮಾಡಿದನೆನ್ನಿ. ಅದರ ಮೇಲೆ ಶೇ. 18ರ ಸರಕು ಮತ್ತು ಸೇವಾ ತೆರಿಗೆ 54,000 ರೂ. ಅನುವಾದಕರಿಗೂ ಕಲಾವಿದರಿಗೂ ಕೊಡಬೇಕಾದದ್ದು 1,80,000 ರೂ.; ಅವರು ತಿಂಗಳುಗಟ್ಟಲೆ ಕಾಯುವ ಸ್ಥಿತಿಯಲ್ಲಿರುವುದಿಲ್ಲ. ಬಿಲ್ ನೀಡಿದ ಮಾತ್ರಕ್ಕೆ ತೆರಿಗೆಯ ಹೊಣೆ ಹುಟ್ಟುವುದರಿಂದ, ಗ್ರಾಹಕನಿಂದ ಹಣ ಬರಲಿ, ಬಾರದಿರಲಿ, ಮುಂದಿನ ತಿಂಗಳೇ ಅದನ್ನು ಕಟ್ಟಬೇಕು. ಅನುವಾದಕರಲ್ಲಿ ಹೆಚ್ಚಿನವರು ತೆರಿಗೆ ನೋಂದಣಿಯ ಮಿತಿಗಿಂತ ಕೆಳಗಿರುವವರಾದ್ದರಿಂದ ಹೂಡುವಳಿ ತೆರಿಗೆಯ ಜಮೆಯೂ ಅಷ್ಟಾಗಿ ದೊರೆಯದು. ಗ್ರಾಹಕ ಸಂಸ್ಥೆಯು ನಾಲ್ಕು ತಿಂಗಳ ನಂತರ ಪಾವತಿಸಿದರೆ, ಅಲ್ಲಿಯವರೆಗೆ ಸುಮಾರು 2,34,000 ರೂ. ಉದ್ಯಮಿಯ ಕೈಯಿಂದಲೇ ಹೋಗಿರುತ್ತದೆ. ಬಾಡಿಗೆ, ವಿದ್ಯುತ್ ವೆಚ್ಚ ಬೇರೆ. ಇಂಥ ಎರಡು ಮೂರು ಕೆಲಸ ಒಟ್ಟಿಗೆ ಬಂದರೆ, ಉದ್ಯಮ ಬೆಳೆದಂತೆಲ್ಲ ಸಾಲವೂ ಬೆಳೆಯುತ್ತದೆ. ಲಾಭದ ಪಟ್ಟಿಯಲ್ಲಿ ಗೆದ್ದವನು ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಸೋತಿರುತ್ತಾನೆ.

ಇದರಲ್ಲಿರುವ ವಿಪರ್ಯಾಸ ಗಮನಾರ್ಹ. ಉಪಶೀರ್ಷಿಕೆ ಒಂದು ಸೆಕೆಂಡ್ ತಡವಾಗಿ ಮೂಡಿದರೂ ಗ್ರಾಹಕನು ಕೆಲಸವನ್ನು ತಿರಸ್ಕರಿಸುತ್ತಾನೆ. ಅದೇ ಗ್ರಾಹಕನ ಪಾವತಿ ನೂರು ದಿನ ತಡವಾದರೂ ಉದ್ಯಮಿ ಬಾಯಿ ಬಿಡುವಂತಿಲ್ಲ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಲಿಖಿತ ಒಪ್ಪಂದವಿದ್ದರೂ ಪಾವತಿಯ ಅವಧಿ 45 ದಿನ ಮೀರುವಂತಿಲ್ಲ. ಒಪ್ಪಂದವಿಲ್ಲದಿದ್ದರೆ 15 ದಿನ. ತಪ್ಪಿದಲ್ಲಿ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ಅವಧಿ ಮೀರಿ ಬಾಕಿ ಉಳಿಸಿಕೊಂಡ ಮೊತ್ತವನ್ನು, ವಾಸ್ತವವಾಗಿ ಪಾವತಿಸಿದ ವರ್ಷದಲ್ಲಷ್ಟೇ ಖರ್ಚೆಂದು ಕಳೆಯಲು ಆದಾಯ ತೆರಿಗೆ ಕಾನೂನು ಅವಕಾಶ ನೀಡುತ್ತದೆ. ಈ ನಿಯಮವನ್ನು ತಂದದ್ದು 2023ರ ಹಣಕಾಸು ಕಾಯ್ದೆ. ಈ ರಕ್ಷಣೆ ಪಡೆಯಲು ಉದ್ಯಮ್ ನೋಂದಣಿ ಮಾಡಿಸಿಕೊಂಡಿರಬೇಕು. ಅದಕ್ಕೆ ಶುಲ್ಕವಿಲ್ಲ.

ಆದರೆ ದೂರು ಕೊಟ್ಟು ಬಡ್ಡಿ ಗಳಿಸಿ, ಗ್ರಾಹಕನನ್ನು ಕಳೆದುಕೊಳ್ಳಲು ಯಾರು ಮುಂದಾಗುತ್ತಾರೆ? ಆದುದರಿಂದ ಉದ್ಯಮಿಯು ದೂರಿಗಿಂತ ಮೊದಲೇ ಎಚ್ಚರ ವಹಿಸುವುದು ಲೇಸು. ಆದೇಶ ಲಿಖಿತವಾಗಿರಲಿ. ಮೂರನೇ ಒಂದು ಭಾಗವಾದರೂ ಮುಂಗಡ ಬರಲಿ. ಎಷ್ಟು ಬಾರಿ ತಿದ್ದುಪಡಿ, ಅದಕ್ಕೆಷ್ಟು ದರ ಎಂಬುದು ನಮೂದಾಗಲಿ. ಅನುವಾದಕರಿಂದ ಹಕ್ಕಿನ ವರ್ಗಾವಣೆಯನ್ನೂ ಬರಹದಲ್ಲಿ ಪಡೆಯಲಿ. ಅವಧಿ ಮತ್ತು ಪ್ರದೇಶ ನಮೂದಿಸದಿದ್ದರೆ 1957ರ ಕೃತಿಸ್ವಾಮ್ಯ ಕಾಯ್ದೆಯು ಅದನ್ನು ಐದು ವರ್ಷಕ್ಕೆ, ಭಾರತಕ್ಕೆ ಸೀಮಿತಗೊಳಿಸುತ್ತದೆ. ಯಂತ್ರಾನುವಾದದ ಕರಡು ಅಗ್ಗವಾಗಿ ದೊರೆಯುತ್ತಿರುವ ಇಂದು ದರ ಇಳಿಸೆಂಬ ಒತ್ತಡ ಸಹಜ. ಕೈಯಲ್ಲಿ ಹಣವಿಲ್ಲದವನು ಆ ಒತ್ತಡಕ್ಕೆ ಮೊದಲು ಮಣಿಯುತ್ತಾನೆ. ಗಾದೆಯ ಮರ್ಮವನ್ನೂ ಮಾತಿನ ಮೊನೆಯನ್ನೂ ಬಲ್ಲ ಒಳ್ಳೆಯ ಅನುವಾದಕ ಅವನ ಬಳಿ ನಿಲ್ಲುವುದಿಲ್ಲ.

ಇನ್ನುಳಿದ ಹೊಣೆ ಕೆಲಸ ಮಾಡಿಸಿಕೊಳ್ಳುವವರದು. ತರಬೇತಿ ಚಿತ್ರವನ್ನೋ ಜಾಹೀರಾತನ್ನೋ ಕನ್ನಡಕ್ಕೆ ತರಿಸುವ ಕಂಪನಿಗಳಲ್ಲಿ ವಾಣಿಜ್ಯ ಸಂಸ್ಥೆಯ ಸದಸ್ಯರೂ ಇದ್ದಾರೆ. ಸಂಸ್ಥೆಯು ಒಂದು ಮಾದರಿ ಒಪ್ಪಂದವನ್ನು ಸಿದ್ಧಪಡಿಸಿ, ಸದಸ್ಯರು 45 ದಿನದೊಳಗಿನ ಪಾವತಿಯನ್ನು ಪದ್ಧತಿಯಾಗಿಸಿಕೊಂಡರೆ, ಯಾವ ಸಹಾಯಧನವೂ ಇಲ್ಲದೆ ಈ ಉದ್ಯಮ ತನ್ನ ಕಾಲ ಮೇಲೆ ನಿಲ್ಲಬಲ್ಲದು.