ಗೋಡೆಯ ಮೇಲೆ ಬೆಳಕು, ಬಾಗಿಲ ಹೊರಗೆ ಕಲಾವಿದ

ನಗರಗಳಲ್ಲಿ ಈಗ ಹೊಸ ಬಗೆಯ ಕಲಾ ಪ್ರದರ್ಶನವೊಂದು ಜನಪ್ರಿಯವಾಗಿದೆ. ದೊಡ್ಡದೊಂದು ಹಾಲನ್ನು ಕತ್ತಲು ಮಾಡಿ, ಪ್ರೊಜೆಕ್ಟರುಗಳಿಂದ ಗೋಡೆ ಮತ್ತು ನೆಲದ ತುಂಬ ಚಿತ್ರಗಳನ್ನು ಹರಿಯಬಿಡುತ್ತಾರೆ. ಜೊತೆಗೆ ಸಂಗೀತ. ಟಿಕೆಟ್ ಕೊಂಡು ಒಳಗೆ ಹೋದವನು ಚಿತ್ರದೊಳಗೇ ಮುಳುಗಿದಂತೆ ಆಗಬೇಕು ಎಂಬುದು ಇದರ ಲೆಕ್ಕಾಚಾರ. ಡಚ್ ಚಿತ್ರಕಾರ ವ್ಯಾನ್ ಗೋನ ಹೆಸರಿನ ಇಂಥ ಪ್ರದರ್ಶನ 2023ರಲ್ಲಿ ಬೆಂಗಳೂರಿಗೂ ಬಂತು. ನಕ್ಷತ್ರಗಳು ಸುಳಿಸುಳಿಯಾಗಿ ತಿರುಗುವ ಅವನ ರಾತ್ರಿಯ ಆಕಾಶದ ಚಿತ್ರ ಬಹಳ ಜನರಿಗೆ ಗೊತ್ತು. 1889ರಲ್ಲಿ ಅವನು ಬರೆದ ಆ ಮೂಲ ಚಿತ್ರದ ಅಗಲ ಸುಮಾರು ಮೂರು ಅಡಿ ಮಾತ್ರ. ತಮ್ಮ ಥಿಯೋ ಕಳಿಸುತ್ತಿದ್ದ ಹಣದಲ್ಲಿ ದಿನ ದೂಡಿದ ಆ ಮನುಷ್ಯ ಮರುವರ್ಷವೇ ತೀರಿಕೊಂಡ. ಬದುಕಿದ್ದಾಗ ಕೊಳ್ಳುವವರು ತೀರ ವಿರಳವಾಗಿದ್ದ ಅವನ ಚಿತ್ರಗಳು ಈಗ ಊರೂರು ಸುತ್ತಿ ಟಿಕೆಟ್ ಮಾರಿಸುತ್ತಿವೆ.

ಜನ ಸಂತೋಷಪಡುವುದಕ್ಕೆ ನನ್ನ ತಕರಾರಿಲ್ಲ. ಮಕ್ಕಳು ಬೆಳಕಿನ ಹಿಂದೆ ಓಡಲಿ, ದೊಡ್ಡವರು ಫೋಟೋ ತೆಗೆದುಕೊಳ್ಳಲಿ. ಅದೂ ಒಂದು ಜಾತ್ರೆ. ಆದರೆ ಇದನ್ನು ತೋರಿಸಿ, 'ನೋಡಿ, ಕಲೆ ಈಗ ಜನರ ಹತ್ತಿರ ಬಂದಿದೆ' ಎಂದು ಹೇಳುವಾಗ ಕೇಳಲೇಬೇಕಾಗುತ್ತದೆ: ಯಾವ ಜನ? ಗೋಕಾಕ ತಾಲೂಕಿನ ಮಮದಾಪುರದಲ್ಲಿ ಶಾಲೆಗೆ ಹೋಗುವ ಹುಡುಗಿಯೊಬ್ಬಳಿಗೆ ಚಿತ್ರ ಬರೆಯುವ ಹುಚ್ಚು ಇದೆಯೆಂದುಕೊಳ್ಳೋಣ. ಅವಳಿಗೂ ಬೆಂಗಳೂರಿಗೂ ನಡುವೆ ಒಂದಿಡೀ ರಾತ್ರಿಯ ಬಸ್ ಪ್ರಯಾಣವಿದೆ. ನಮ್ಮ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕರೇ ಇಲ್ಲ. ಒಳ್ಳೆಯ ಚಿತ್ರವೊಂದರ ಎದುರು ನಿಂತು ನೋಡುವ ಅವಕಾಶ ಅವಳಿಗೆ ಎಲ್ಲಿದೆ?

ಹಾಗೆಂದು ಅವಳ ಸೀಮೆ ಕಲೆಯಿಲ್ಲದ ಬರಡು ನೆಲವೇನೂ ಅಲ್ಲ. ಗೋಕಾಕದ ಗೊಂಬೆಗಳನ್ನು, ಮರದಲ್ಲಿ ಮಾಡಿ ಬಣ್ಣ ಹಚ್ಚಿದ ಹಣ್ಣುಗಳನ್ನು ನೋಡಿದವರಿಗೆ ಇದು ಗೊತ್ತು. 1908ರ ಇಂಪೀರಿಯಲ್ ಗೆಜೆಟಿಯರ್ ಕೂಡ ಗೋಕಾಕದ ಬಗ್ಗೆ ಬರೆಯುವಾಗ, ಹತ್ತಿರದಲ್ಲೇ ಸಿಗುವ ಹಗುರ ಮರದಿಂದ ಮತ್ತು ವಿಶೇಷ ಬಗೆಯ ಮಣ್ಣಿನಿಂದ ಮಾಡುವ ಗೊಂಬೆ, ಹಣ್ಣುಗಳನ್ನು ಹೆಸರಿಸಿದೆ. ಬ್ರಿಟಿಷ್ ಅಧಿಕಾರಿಗಳ ಕಣ್ಣಿಗೂ ಬಿದ್ದ ಕೆಲಸ ಅದು. ಆದರೆ ಅದನ್ನು ಮಾಡುವವನನ್ನು ನಾವು ಕಲಾವಿದ ಎನ್ನುವುದಿಲ್ಲ, ಕುಶಲಕರ್ಮಿ ಎನ್ನುತ್ತೇವೆ. ಕಲಾವಿದನ ಕೃತಿಯ ಪಕ್ಕದಲ್ಲಿ ಅವನ ಹೆಸರಿರುತ್ತದೆ. ಗೊಂಬೆಯ ಮೇಲೆ ಬೆಲೆಯ ಚೀಟಿ ಮಾತ್ರ ಇರುತ್ತದೆ. ಚೌಕಾಸಿ ಮಾಡುವುದು ಯಾರ ಹತ್ತಿರ ಎಂಬುದೂ ನಮಗೆಲ್ಲ ಗೊತ್ತಿದೆ.

ಕೆಲವರು ಹೇಳಬಹುದು, ನೀವು ಹೊಸತನ್ನೆಲ್ಲ ವಿರೋಧಿಸುತ್ತೀರಿ ಎಂದು. ಖಂಡಿತ ಇಲ್ಲ. ವಸ್ತುಗಳನ್ನು ಜೋಡಿಸಿ ಒಂದು ಜಾಗವನ್ನೇ ಕೃತಿಯಾಗಿಸುವ ಪ್ರತಿಷ್ಠಾಪನಾ ಕಲೆಯಲ್ಲಿ ನಮ್ಮ ನಾಡಿನವರ ದೊಡ್ಡ ಕೆಲಸವಿದೆ. 1952ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ರುಮ್ಮಾನಾ ಹುಸೇನ್ ಮೊದಲು ಚಿತ್ರ ಬರೆಯುತ್ತಿದ್ದವರು. 1992ರ ಡಿಸೆಂಬರಿನಲ್ಲಿ ಬಾಬರಿ ಮಸೀದಿ ಉರುಳಿ, ಮುಂಬೈ ಗಲಭೆಯಲ್ಲಿ ಉರಿದ ಮೇಲೆ ಅವರ ಕಲೆಯ ದಾರಿಯೇ ಬದಲಾಯಿತು. ಒಡೆದ ಮಡಕೆಯ ಚೂರುಗಳನ್ನು ಅವರು ನೋಡುವವರ ಮುಂದಿಟ್ಟರು. 1999ರಲ್ಲಿ ತೀರಿಕೊಂಡ ಈ ಹೆಣ್ಣುಮಗಳ ಹೆಸರು ಕನ್ನಡದ ಎಷ್ಟು ಮುಸ್ಲಿಂ ಮನೆಗಳಲ್ಲಿ ಗೊತ್ತಿದೆ? ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಅದೇ ಕಾಲದಲ್ಲಿ ಬಣ್ಣದ ಕ್ಯಾನ್ವಾಸ್ ಬಿಟ್ಟು ಸಗಣಿಯನ್ನು ಕೈಗೆತ್ತಿಕೊಂಡರು. ಮುಂದೆ ಸೂಜಿ, ದಾರ, ಕುಂಕುಮಗಳಿಂದ ಕೃತಿ ಕಟ್ಟಿದರು. ಇವು ನೋಡುವವನನ್ನು ಮುಳುಗಿಸುವುದಿಲ್ಲ. ಎದುರಿಗೆ ನಿಲ್ಲಿಸಿ, 'ಇದು ನಿನ್ನ ಊರಿನಲ್ಲೇ ನಡೆದದ್ದು, ನೀನೇನು ಮಾಡಿದೆ?' ಎಂದು ಕೇಳುತ್ತವೆ. ಪ್ರೊಜೆಕ್ಟರಿನ ಬೆಳಕು ನಮ್ಮನ್ನು ಏನನ್ನೂ ಕೇಳುವುದಿಲ್ಲ. ಹೊರಗೆ ಬಂದಾಗ ಉಳಿಯುವುದು ಮೊಬೈಲಿನೊಳಗಿನ ನಮ್ಮದೇ ಫೋಟೋ.

ಇನ್ನು ಜನ ಕೂಡಿ ಒಳಹೊಕ್ಕು ಅನುಭವಿಸುವ ಕಲೆ ಎನ್ನುವುದಾದರೆ ಉತ್ತರ ಕರ್ನಾಟಕಕ್ಕೆ ಅದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಮೊಹರಮ್ಮಿನಲ್ಲಿ ಬಿದಿರು, ಬಣ್ಣದ ಕಾಗದಗಳಿಂದ ಡೋಲಿ ಕಟ್ಟುವವರನ್ನು ನೋಡಿ. ಅಲಾವಿಯ ಸುತ್ತ ಹೆಜ್ಜೆ ಹಾಕುವವರಲ್ಲಿ, ರಿವಾಯತ್ ಪದ ಹಾಡುವವರಲ್ಲಿ ಹಿಂದೂ ಯಾರು, ಮುಸ್ಲಿಂ ಯಾರು ಎಂದು ಬೇರ್ಪಡಿಸುವುದು ಕಷ್ಟ. ಈ ಆಚರಣೆಯ ಧಾರ್ಮಿಕ ಸರಿತಪ್ಪುಗಳ ಬಗ್ಗೆ ನಮ್ಮ ಸಮುದಾಯದೊಳಗೆ ಚರ್ಚೆಯಿದೆ, ಅದು ಇಲ್ಲಿಯ ವಿಷಯವಲ್ಲ. ನಾನು ಹೇಳುತ್ತಿರುವುದು ಆ ಕೈಗಳ ಬಗ್ಗೆ. ಟಿಕೆಟ್ ಇಲ್ಲದೆ, ಬಾಗಿಲಿಲ್ಲದೆ ಊರಿಗೆ ಊರೇ ಒಳಗೆ ಬರಲು ಸಾಧ್ಯವಾದದ್ದು ಅಲ್ಲಿ.

ಸರ್ಕಾರದ ಹೊಣೆಯ ಮಾತಿಗೆ ಬರೋಣ. ಮೈಸೂರು ಅರಮನೆಯ ಚಿತ್ರಗಾರ ಮನೆತನದಲ್ಲಿ ಹುಟ್ಟಿದ ಕೆ. ವೆಂಕಟಪ್ಪನವರ ಹೆಸರಿನ ಗ್ಯಾಲರಿ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿದೆ. ಅದನ್ನು ಖಾಸಗಿ ಪ್ರತಿಷ್ಠಾನಕ್ಕೆ ದತ್ತು ಕೊಡುವ ಏರ್ಪಾಡಿನ ವಿರುದ್ಧ 2016ರಲ್ಲಿ ಕಲಾವಿದರು ಬೀದಿಗಿಳಿದರು. ಸಣ್ಣ ಕಲಾವಿದನಿಗೂ ಕೈಗೆಟುಕುವ ಜಾಗ ಜನರದಾಗಿಯೇ ಉಳಿಯಬೇಕೆಂಬುದು ಅವರ ಹಟ. ಹಟ ನ್ಯಾಯವಾದದ್ದೇ. ಆದರೆ ಅಂಥ ಒಂದು ಗೋಡೆಯಾದರೂ ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿ ಬೇಡವೇ? 2012ರಲ್ಲಿ ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧ ಎದ್ದು ನಿಂತಿತು. ವರ್ಷದ ಬಹುತೇಕ ದಿನ ಅಲ್ಲಿ ಅಧಿವೇಶನವಿಲ್ಲ. ಅದರ ಒಂದೇ ಒಂದು ಸಭಾಂಗಣವನ್ನು ಈ ಭಾಗದ ಚಿತ್ರಕಾರರಿಗೆ, ಗೊಂಬೆ ಮಾಡುವವರಿಗೆ ಬಿಟ್ಟುಕೊಟ್ಟು, ಶಾಲೆಯ ಮಕ್ಕಳನ್ನು ಬಸ್ಸಿನಲ್ಲಿ ಕರೆತಂದರೆ ಖಜಾನೆ ಬರಿದಾಗುವುದಿಲ್ಲ.

ಸರ್ಕಾರವನ್ನು ಬೈದು ನಾವು ಕೈತೊಳೆದುಕೊಳ್ಳುವ ಹಾಗೂ ಇಲ್ಲ. ನಮ್ಮ ಊರುಗಳಲ್ಲಿ ಶಾದಿಮಹಲುಗಳಿವೆ. ಮದುವೆಯಿಲ್ಲದ ದಿನ ಅವುಗಳಿಗೆ ಬೀಗ. ಚಿತ್ರ ಬರೆಯುವ ಮಗುವಿಗೆ 'ಇದು ನಮಗಲ್ಲ' ಎಂದು ಹೇಳುವ ಹಿರಿಯರೂ ಇದ್ದಾರೆ. ಅವರು ಒಮ್ಮೆ ವಿಜಾಪುರಕ್ಕೆ ಹೋಗಿ ಇಬ್ರಾಹೀಂ ರೋಜಾದ ಕಿಟಕಿಗಳನ್ನು ನೋಡಬೇಕು. ಕಲ್ಲನ್ನೇ ಕೊರೆದು ಅಕ್ಷರ ಮಾಡಿ, ಅದರೊಳಗಿನಿಂದ ಬೆಳಕು ಬರುವಂತೆ ಮಾಡಿದ ಶಿಲ್ಪಿಗಳು ನಮ್ಮ ನೆಲದಲ್ಲೇ ಕೆಲಸ ಮಾಡಿದವರು. ಅಲ್ಲಿ ಮಲಗಿರುವ ಎರಡನೇ ಇಬ್ರಾಹೀಂ ಆದಿಲ್‌ಶಾಹಿ ಚಿತ್ರಕಾರರನ್ನೂ ಸಂಗೀತಗಾರರನ್ನೂ ಸಾಕಿದ ದೊರೆ.

ವ್ಯಾನ್ ಗೋನನ್ನು ನೋಡಲು ಹೋಗುವವರು ಹೋಗಲಿ. ಆದರೆ ಬೀಗ ಹಾಕಿದ ಆ ಶಾದಿಮಹಲನ್ನು ವರ್ಷಕ್ಕೆ ನಾಲ್ಕು ದಿನವಾದರೂ ತೆರೆಯೋಣ. ಡೋಲಿ ಕಟ್ಟುವವರ, ಗೊಂಬೆ ಮಾಡುವವರ, ಶಾಲೆಯ ಮಕ್ಕಳ ಕೆಲಸವನ್ನು ಅಲ್ಲಿ ಇಡೋಣ. ಪ್ರತಿಯೊಂದರ ಕೆಳಗೂ ಮಾಡಿದವರ ಹೆಸರು ಬರೆಯೋಣ. ಇದಕ್ಕೆ ಪ್ರೊಜೆಕ್ಟರ್ ಬೇಕಾಗಿಲ್ಲ. ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ.