ಹಿತ್ತಲಿನ ರ‍್ಯಾಂಪಿನ ಪರವಾಗಿ

ಊರಲ್ಲೇ ನಗರಸಭೆಯ ಸ್ಕೇಟ್‌ಪಾರ್ಕ್ ಇರುವಾಗ ಮನೆಯ ಹಿತ್ತಲಲ್ಲಿ ಸ್ಕೇಟ್‌ಬೋರ್ಡ್ ಆಟಕ್ಕೆ ಮರದ ರ‍್ಯಾಂಪ್ ಕಟ್ಟುವುದು ದುಂದು, ಅಪಾಯ, ನೆರೆಯವರಿಗೆ ಕಿರಿಕಿರಿ. ಕ್ಯಾಲಿಫೋರ್ನಿಯಾದಂಥ ಕಡೆ ವಿವೇಕಿಗಳು ಹೀಗೆ ಹೇಳಿದರೆ ಅದರಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ಈ ವಾದ ರ‍್ಯಾಂಪನ್ನು ಆಡುವ ಜಾಗವೆಂದಷ್ಟೇ ಎಣಿಸುತ್ತದೆ. ಬರೀ ಜಾಗದ ಲೆಕ್ಕವಾದರೆ ಪಾರ್ಕೇ ಗೆಲ್ಲಲಿ; ನನ್ನ ತಕರಾರು ಆ ಲೆಕ್ಕದ ಬಗ್ಗೆಯೇ.

1970ರ ದಶಕದಲ್ಲಿ ಅಮೆರಿಕದಲ್ಲಿ ಖಾಸಗಿ ಸ್ಕೇಟ್‌ಪಾರ್ಕ್‌ಗಳು ಒಂದರ ಹಿಂದೊಂದು ತೆರೆದವು. ಗಾಯಾಳುಗಳ ಮೊಕದ್ದಮೆಯ ಭಯಕ್ಕೆ ವಿಮೆಯ ಕಂತು ಏರಿ, 1980ರ ದಶಕದ ಆರಂಭದೊಳಗೆ ಬಹುಪಾಲು ಮುಚ್ಚಿಯೂ ಹೋದವು. ಆಗ ಈ ಆಟದ ಜೀವ ಉಳಿದದ್ದು ಮನೆಗಳ ಹಿತ್ತಲಿನ ಪ್ಲೈವುಡ್ಡಿನ ಮೇಲೆ. ಸ್ಕೇಟಿಂಗ್‌ನ ಗಾಯಗಳಿಗೆ ನಗರಸಭೆಗಳ ಹೊಣೆಯನ್ನು ತಗ್ಗಿಸುವ ಕಾನೂನು ಕ್ಯಾಲಿಫೋರ್ನಿಯಾದಲ್ಲಿ ಜಾರಿಗೆ ಬಂದದ್ದು 1998ರಲ್ಲಿ. ಊರೂರಲ್ಲಿ ಕಾಂಕ್ರೀಟ್ ಪಾರ್ಕ್‌ಗಳು ಎದ್ದದ್ದು ಆ ಬಳಿಕ. ಹಾಗೆಂದು ಹಳೆಯ ಋಣ ತೀರಿಸಲು ಯಾರೂ ರ‍್ಯಾಂಪ್ ಕಟ್ಟಬೇಕಿಲ್ಲ. ನನ್ನ ಕಾರಣ ಬೇರೆ.

3 ಅಡಿ ಎತ್ತರದ ಸಣ್ಣ ರ‍್ಯಾಂಪನ್ನು ತೆಗೆದುಕೊಳ್ಳಿ. ಅದರ ಬಾಗು 7 ಅಡಿ ತ್ರಿಜ್ಯದ ವೃತ್ತದ ತುಂಡು. ನೆಲದ ಮೇಲೆ ಎಷ್ಟು ದೂರ ಚಾಚುತ್ತದೆ? ಕರ್ಣ 7, ಒಂದು ಬಾಹು 7ರಲ್ಲಿ 3 ಕಳೆದು ಉಳಿದ 4. ಪೈಥಾಗರಸನ ಪ್ರಮೇಯ ಹಾಕಿದರೆ ಉತ್ತರ ಸುಮಾರು ಐದೂಮುಕ್ಕಾಲು ಅಡಿ. ತುದಿಯಲ್ಲಿ ಏರು 55 ಡಿಗ್ರಿ. ಎತ್ತರ ಅಷ್ಟೇ ಇಟ್ಟು ತ್ರಿಜ್ಯವನ್ನು 8 ಅಡಿ ಮಾಡಿದರೆ ಚಾಚು ಆರೂಕಾಲು ಅಡಿಯಾಗುತ್ತದೆ, ಏರು 51 ಡಿಗ್ರಿಗೆ ಇಳಿಯುತ್ತದೆ. ಪ್ಲೈವುಡ್ ಹಾಳೆ ಹಾಸಿ, ಅಳತೆಯ ದೂರದಲ್ಲಿ ಮೊಳೆ ಹೊಡೆದು, ಮರದ ಪಟ್ಟಿಯ ತುದಿಗೆ ಪೆನ್ಸಿಲ್ ಕಟ್ಟಿ ಅಜ್ಜಿಯೋ ಅಣ್ಣನೋ ಒಂದು ಕಡೆ ಹಿಡಿದುಕೊಂಡರೆ, ಹತ್ತು ವರ್ಷದ ಹುಡುಗಿ ಆ ಕಮಾನನ್ನು ತಾನೇ ಎಳೆಯಬಲ್ಲಳು. ಭಯ ಎಲ್ಲಿ ಶುರುವಾಗುತ್ತದೆ, ಯಾಕೆ ಎಂದು ಬೋರ್ಡಿನ ಮೇಲೆ ನಿಲ್ಲುವ ಮೊದಲೇ ಅವಳಿಗೆ ಗೊತ್ತಿರುತ್ತದೆ.

ಕಾಂಕ್ರೀಟ್ ಇದಕ್ಕೆ ಅವಕಾಶ ಕೊಡುವುದಿಲ್ಲ. ಅಲ್ಲಿ ಇಳಿಜಾರು ಕಡಿದಾದರೆ ಮಗು ಹಿಂಜರಿಯಬೇಕು, ಇಲ್ಲವೇ ಧೈರ್ಯ ನಟಿಸಬೇಕು. ಹಿತ್ತಲಲ್ಲಿ ಮೂರನೆಯ ದಾರಿಯಿದೆ: ಸ್ಕ್ರೂ ಬಿಚ್ಚಿ, ಬದಿಯ ಹಲಗೆಯನ್ನು ಹೊಸ ಅಳತೆಗೆ ಕೊಯ್ದು ಮತ್ತೆ ಜೋಡಿಸುವುದು. ಹೆದರಿಕೆಯನ್ನು ಅಳತೆಗೆ ಇಳಿಸಿ ಬದಲಿಸಬಹುದು ಎಂಬ ತಿಳಿವಳಿಕೆ ನನಗೆ ಆಟಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅಪಾಯ ಇಲ್ಲವೆನ್ನುತ್ತಿಲ್ಲ. 3 ಅಡಿಯಿಂದ ಬಿದ್ದರೂ ಮಣಿಕಟ್ಟು ಮುರಿಯಬಹುದು. ಹೆಲ್ಮೆಟ್, ಮಣಿಕಟ್ಟಿನ ರಕ್ಷೆ ಎರಡೂ ಬೇಕೇ ಬೇಕು.

ಆ ತಿಳಿವಳಿಕೆ ಮಗುವಿನದಾಗಬೇಕು ಎಂಬ ಕಾರಣಕ್ಕೇ ರ‍್ಯಾಂಪ್ ಪ್ರಿಯರ ಒಂದು ರೂಢಿಯನ್ನೂ ನಾನು ಒಪ್ಪುವುದಿಲ್ಲ. ಮಕ್ಕಳು ಶಾಲೆಗೆ ಹೋದಾಗ ಗುಟ್ಟಾಗಿ ಕಟ್ಟಿ, ಹುಟ್ಟುಹಬ್ಬಕ್ಕೆ ಪರದೆ ಸರಿಸುವ ಅಪ್ಪಂದಿರ ಪ್ರೀತಿ ನಿಜವಾದದ್ದೇ. ಆದರೆ ಅವರು ಮಗುವಿಗೆ ಕೊಟ್ಟದ್ದು ಇನ್ನೊಂದು ಪಾರ್ಕ್, ಅಷ್ಟೆ. ಅಪ್ಪನ ಕೊಯ್ತ ಇನ್ನಷ್ಟು ನೇರವಾಗಿರಬಹುದು, ಕೆಲಸ ಬೇಗ ಮುಗಿಯಬಹುದು. ಮಗು ಕೊಯ್ದ ಸೊಟ್ಟ ಹಲಗೆಯನ್ನು ಉಜ್ಜಿ ಸರಿಪಡಿಸುವಷ್ಟು ಪುರುಸೊತ್ತು ಇಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕದಿರುವುದೇ ಮೇಲು.

ವಿವೇಕಿಗಳ ಒಂದು ಆಕ್ಷೇಪಕ್ಕೆ ಮಾತ್ರ ನಾನು ಪೂರ್ತಿ ತಲೆಬಾಗುತ್ತೇನೆ: ಸದ್ದು. ಒಳಗೆ ಟೊಳ್ಳಾದ ಮರದ ರ‍್ಯಾಂಪ್ ಚಕ್ರದ ಪ್ರತಿ ಉರುಳಿಗೂ ಗುಡುಗುತ್ತದೆ. ಪಕ್ಕದ ಮನೆಯಲ್ಲಿ ಹಸುಗೂಸೋ ರೋಗಿಯೋ ಇದ್ದರೆ ಅದು ಹಿಂಸೆ. ಹಾಗಾಗಿ ಮರ ತರುವ ಮೊದಲು ನೆರೆಯವರ ಬಾಗಿಲು ತಟ್ಟಬೇಕು, ಆಡುವ ಹೊತ್ತು ಯಾವುದೆಂದು ಅವರನ್ನೇ ಕೇಳಬೇಕು. ಕೇಳಲು ಮಗುವೂ ಜೊತೆಗೆ ಹೋಗಲಿ. ಅವರು ಬೇಡವೆಂದರೆ ಕಟ್ಟುವುದು ಬೇಡ, ಪಾರ್ಕಿಗೇ ಹೋಗಲಿ.