ರಾಯಭಾರ ಕಚೇರಿಗೂ ಒಂದು ಜಗುಲಿ ಬೇಡವೇ?

ಅಕ್ಕನ ವಿದ್ಯಾರ್ಥಿ ವೀಸಾ ಸಂದರ್ಶನಕ್ಕೆಂದು ಶಿಡ್ಲಘಟ್ಟದಿಂದ ಹೊರಟು, ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತು ಹೊರರಾಜ್ಯದ ನಗರವೊಂದಕ್ಕೆ ಹೋಗಿದ್ದೆವು. ಅಕ್ಕ ಒಳಗೆ ಹೋದಳು. ಅಪ್ಪ, ನಾನು ಎತ್ತರದ ಗೋಡೆಯ ಹೊರಗೆ ಬಿಸಿಲಲ್ಲಿ ಮೂರು ಗಂಟೆ ಕಾದೆವು. ಅವಳ ಓದಿಗಾಗಿ ಹಿಪ್ಪುನೇರಳೆ ತೋಟವನ್ನೇ ಅಡವಿಟ್ಟಿದ್ದ ಅಪ್ಪ ಫುಟ್‌ಪಾತ್ ಅಂಚಿನಲ್ಲಿ ಕೂತರೆ ಕಾವಲಿನವನು ಎಬ್ಬಿಸಿದ. ಅಕ್ಕನಿಗೆ ವೀಸಾ ಸಿಕ್ಕಿತು. ಆದರೆ ಆ ದೇಶದ ಬಗ್ಗೆ ಅಪ್ಪ ಕಣ್ಣಾರೆ ಕಂಡಿದ್ದು ಆ ಗೋಡೆಯನ್ನಷ್ಟೇ.

ಸಿವಿಲ್ ಎಂಜಿನಿಯರಿಂಗ್ ಓದುತ್ತಿರುವ ನನಗೆ ಆ ಗೋಡೆ ಇನ್ನೂ ಕಾಡುತ್ತಿದೆ. ರಾಯಭಾರ ಕಚೇರಿ ಹೀಗೇ ಇರಬೇಕೆಂದೇನಿಲ್ಲ. ದೆಹಲಿಯಲ್ಲಿ 1959ರಲ್ಲಿ ಆರಂಭವಾದ ಅಮೆರಿಕದ ರಾಯಭಾರ ಕಚೇರಿಯನ್ನು ವಿನ್ಯಾಸ ಮಾಡಿದ ಎಡ್ವರ್ಡ್ ಡ್ಯುರೆಲ್ ಸ್ಟೋನ್, ಬಿಸಿಲು ತಡೆಯಲು ಸುತ್ತಲೂ ಜಾಲಂಧ್ರದ ಗೋಡೆ ಕಟ್ಟಿ, ನಡುವಣ ಅಂಗಳದಲ್ಲಿ ನೀರು ನಿಲ್ಲಿಸಿದರು. ಇದು ನಮಗೇನೂ ಹೊಸತಲ್ಲ. ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯದ ಕಲ್ಲಿನ ಜಾಲಂಧ್ರಗಳು ಶತಮಾನಗಳಿಂದ ಬೆಳಕನ್ನು ಸೋಸಿ ಒಳಗೆ ಬಿಡುತ್ತಿವೆ. ದೆಹಲಿಯಲ್ಲೇ ಇರುವ ಬೆಲ್ಜಿಯಂ ರಾಯಭಾರ ಕಚೇರಿಯನ್ನು ಇಟ್ಟಿಗೆಯಲ್ಲಿ ರೂಪಿಸಿದವರು ಕಲಾವಿದ ಸತೀಶ್ ಗುಜ್ರಾಲ್. ಬಾಲ್ಯದಲ್ಲೇ ಶ್ರವಣಶಕ್ತಿ ಕಳೆದುಕೊಂಡಿದ್ದ ಅವರ ಬಳಿ ವಾಸ್ತುಶಿಲ್ಪದ ಪದವಿ ಇರಲಿಲ್ಲ.

ಭದ್ರತೆ ಮುಖ್ಯವಲ್ಲವೇ ಎಂದು ನೀವು ಕೇಳಬಹುದು. ಖಂಡಿತ ಮುಖ್ಯ. 1998ರಲ್ಲಿ ನೈರೋಬಿ ಮತ್ತು ದಾರ್ ಎಸ್ ಸಲಾಮ್‌ನಲ್ಲಿ ರಾಯಭಾರ ಕಚೇರಿಗಳ ಮೇಲೆ ನಡೆದ ಬಾಂಬ್ ದಾಳಿಗಳಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಆದರೂ 2018ರಲ್ಲಿ ಲಂಡನ್ನಿನಲ್ಲಿ ತೆರೆದ ಅಮೆರಿಕದ ಹೊಸ ಕಚೇರಿಯಲ್ಲಿ ರಕ್ಷಣೆಯ ಕೆಲಸವನ್ನು ಒಂದು ಕೊಳ, ಒಂದು ಉದ್ಯಾನ ಹಂಚಿಕೊಂಡಿವೆ. ಎಂದರೆ, ಭದ್ರತೆಯ ಜೊತೆಗೇ ಮನುಷ್ಯರಿಗೂ ಜಾಗ ಕೊಡಬಹುದು.

2025ರ ಜನವರಿಯಲ್ಲಿ ಬೆಂಗಳೂರಿನ ಹೋಟೆಲೊಂದರಲ್ಲಿ ಅಮೆರಿಕದ ಕಾನ್ಸುಲೇಟ್ ತಾತ್ಕಾಲಿಕವಾಗಿ ಶುರುವಾಯಿತು. ಮುಂದೆ ಅದಕ್ಕೆ ಸ್ವಂತ ಕಟ್ಟಡ ಏಳುವಾಗ ನನ್ನದೊಂದೇ ಬೇಡಿಕೆ: ಹೊರಗೆ ಕಾಯುವವರಿಗೆ ನೆರಳು, ನೀರು, ಕೂರಲು ಒಂದು ಜಗುಲಿ ಇರಲಿ. ನಮ್ಮ ಹಳ್ಳಿ ಮನೆಗಳಲ್ಲಿ ಒಳಗೆ ಬರದ ಅಪರಿಚಿತನಿಗೂ ಜಗುಲಿಯಿತ್ತು.

ಇದು ಹೊರದೇಶದವರಿಗಷ್ಟೇ ಹೇಳುವ ಮಾತಲ್ಲ. ಜಾತಿ ಪ್ರಮಾಣಪತ್ರಕ್ಕೆ, ಪಹಣಿಗೆ ಕಚೇರಿಗಳ ಮುಂದೆ ಬಿಸಿಲಲ್ಲಿ ನಿಂತಿರುವವರು ನಮ್ಮವರೇ. ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರದ ಕಾಲೇಜುಗಳಲ್ಲಿ ಡ್ರಾಯಿಂಗ್ ಬೋರ್ಡ್ ಮುಂದೆ ಕೂತ ಗೆಳೆಯರೇ, ನಾಳೆ ಕಟ್ಟಡ ಕಟ್ಟುವವರು ನಾವು. ಮುಂಬಾಗಿಲಿಗೆ ಮೊದಲು, ಅದರ ಹೊರಗೆ ಕಾಯುವ ಅಪ್ಪನ ಜಾಗವನ್ನು ಗುರುತು ಹಾಕೋಣ.